ರಾಷ್ಟ್ರಧ್ವಜದ ರೂಪಾಂತರ ಮತ್ತು ಅರ್ಥಾಂತರ

ಧ್ವಜಕ್ಕೆ ಕನ್ನಡದಲ್ಲಿ ಹೆಸರುಗಳು ಹಲವು. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಪಳಯಿಗೆ, ಟೆಕ್ಕೆಯ, ಸಿಂಧ ಎಂಬ ಮಾತುಗಳು ಪರಿಚಿತವಾಗಿವೆ. ಇಂದು ದೇವಾಲಯಕ್ಕೆ ಸಲ್ಲುವ ‘ಗುಡಿ’ ಎಂಬ ಶಬ್ದಕ್ಕೂ ಹಿಂದೆ ಧ್ವಜವೆಂಬ ಅರ್ಥವಿದ್ದಿತು. ‘ಗುಡಿಗಟ್ಟು’ ಎಂದರೆ ಬಾವುಟವನ್ನೆತ್ತಿ ಕಟ್ಟುವುದು. ಹರ್ಷದಿಂದ ಮೈ ನವಿರೇಳುವುದನ್ನು ಹೇಳಲಿಕ್ಕೂ ನಮ್ಮ ಕವಿಗಳು ಇದೇ ಮಾತನ್ನು ಬಳಸಿದರು. ಮಹಾರಾಷ್ಟ್ರದ ಸಂಪರ್ಕವುಳ್ಳ ನಮ್ಮ ಗಡಿಭಾಗದ ಮನೆಗಳಲ್ಲಿ ಯುಗಾದಿಯ ದಿನ ಕೋಲಿಗೆ ಹೊಸ ವಸ್ತ್ರವನ್ನು ಕಟ್ಟಿ ನಿಲ್ಲಿಸುವ ‘ಗುಡಿ’ಯಲ್ಲಿ ಆ ಹಳೆಯ ಅರ್ಥ ಈಗಲೂ ಜೀವಂತವಾಗಿದೆ. ಬಾವುಟ, ನಿಶಾನೆ, ಝಂಡಾ ಎಂಬಿವು ಆಮೇಲೆ ಬಂದು ಸೇರಿದವು. ಶಬ್ದಗಳು ಹೀಗೆ ಬದಲಾದಂತೆ ಧ್ವಜದ ರೂಪವೂ, ಅದಕ್ಕೆ ಜನರು ಕೊಟ್ಟ ಅರ್ಥವೂ ಬದಲಾಗುತ್ತ ಬಂದಿವೆ. ನಮ್ಮ ರಾಷ್ಟ್ರಧ್ವಜದ ಇತಿಹಾಸದಲ್ಲಿ ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಅದರಲ್ಲಿಯೂ ಧ್ವಜದ ಮೇಲಿನ ಚರಕ ಹೋಗಿ ಚಕ್ರ ಬಂದುದು, ಬಳಿಕ ಆ ಚರಕಕ್ಕೆ ಏನಾಯಿತೆಂಬುದು, ಇಲ್ಲಿಯ ಮುಖ್ಯ ವಿಷಯ.

ನಮ್ಮ ಶಾಸನಗಳು ಲಾಂಛನ ಬೇರೆ, ಧ್ವಜ ಬೇರೆ ಎಂಬ ವಿವೇಕವನ್ನು ಸ್ಪಷ್ಟವಾಗಿ ತೋರುತ್ತವೆ. ಕದಂಬರದು ಸಿಂಹಲಾಂಛನ, ಆದರೆ ವಾನರಧ್ವಜ. ಸವದತ್ತಿಯ ರಟ್ಟರದು ಸಿಂಧೂರಲಾಂಛನ, ಆದರೆ ಸುವರ್ಣಗರುಡಧ್ವಜ. ಮುದ್ರೆಯೊತ್ತಲಿಕ್ಕೆ ಒಂದು, ಎತ್ತಿ ಹಿಡಿಯಲಿಕ್ಕೆ ಇನ್ನೊಂದು. ಬಾದಾಮಿ ಚಾಲುಕ್ಯರ ತಾಮ್ರಪಟಗಳಲ್ಲಿ ಇನ್ನೂ ಒಂದು ವಿಶೇಷವಿದೆ. ವಿನಯಾದಿತ್ಯನ ಉತ್ತರದ ದಂಡಯಾತ್ರೆಯಲ್ಲಿ ಗಂಗೆ, ಯಮುನೆ, ಪಾಳಿಧ್ವಜ ಮೊದಲಾದ ರಾಜಚಿಹ್ನೆಗಳನ್ನು ಯುವರಾಜ ವಿಜಯಾದಿತ್ಯನು ತಂದೆಗೆ ಗಳಿಸಿಕೊಟ್ಟನೆಂದು ಅವು ಹೇಳುತ್ತವೆ. ಎಂದರೆ ಆ ಕಾಲದಲ್ಲಿ ಧ್ವಜವು ಗೆಲ್ಲಬಹುದಾದ, ಕಸಿದುಕೊಳ್ಳಬಹುದಾದ ವಸ್ತು. ಗೆದ್ದವನ ಬಿರುದಾವಳಿಯಲ್ಲಿ ಅದು ಒಂದು ಸಾಲು.

ಗೊಳಸಂಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಈ ಸೀಮೆಯನ್ನೇ ತೆಗೆದುಕೊಂಡರೆ, ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಯ ಒಕ್ಕಲಿಗನೊಬ್ಬನು ತನ್ನ ಆಯುಷ್ಯದಲ್ಲಿಯೇ ಮೂರು ಪ್ರಭುತ್ವಗಳ ಚಿಹ್ನೆಗಳನ್ನು ಕಂಡಿರಬೇಕು. ಕಲ್ಯಾಣ ಚಾಲುಕ್ಯರ ವರಾಹ ಮೊದಲನೆಯದು. 1162ರ ಸುಮಾರಿಗೆ ಬಿಜ್ಜಳನು ಸ್ವತಂತ್ರನಾದ ಮೇಲೆ ಕಲಚುರಿಗಳ ಸುವರ್ಣವೃಷಭಧ್ವಜ. ಬಾಗೇವಾಡಿಯ ಬಸವಣ್ಣನವರು ಭಂಡಾರಿಗಳಾಗಿದ್ದುದು ಆ ಧ್ವಜದ ರಾಜ್ಯದಲ್ಲಿಯೇ. ಅನಂತರ ನಾಲ್ವಡಿ ಸೋಮೇಶ್ವರನ ಅಲ್ಪಾವಧಿಯ ಆಳಿಕೆಯಲ್ಲಿ ವರಾಹ ಮರಳಿ ಬಂದಿತು. 1189ರ ಹೊತ್ತಿಗೆ ಸೇಉಣರ ಸುವರ್ಣಗರುಡಧ್ವಜ. ಮೂವತ್ತು ವರ್ಷಗಳೊಳಗೆ ಇಷ್ಟೊಂದು ಪಲ್ಲಟ. ಆದರೆ ಹೊಲದ ತೆರಿಗೆ ಯಾರಿಗೆ ಸಲ್ಲಬೇಕು ಎಂಬುದೊಂದನ್ನು ಬಿಟ್ಟರೆ ಈ ಚಿಹ್ನೆಗಳು ಆ ಒಕ್ಕಲಿಗನಿಗೆ ಹೇಳುತ್ತಿದ್ದುದು ಹೆಚ್ಚೇನೂ ಇರಲಾರದು. ವೃಷಭವೇಕೆ, ಗರುಡವೇಕೆ ಎಂದು ಯಾರೂ ಅವನಿಗೆ ವಿವರಿಸಬೇಕಾಗಿರಲಿಲ್ಲ, ಅವನ ಒಪ್ಪಿಗೆಯನ್ನು ಕೇಳಬೇಕಾಗಿಯೂ ಇರಲಿಲ್ಲ.

ಈ ಪದ್ಧತಿ ಬಹುಕಾಲ ನಡೆಯಿತು. ಕೃಷ್ಣೆಯ ಆಚೆ ಇದ್ದ ಮುಧೋಳ ಸಂಸ್ಥಾನದ ಧ್ವಜಕ್ಕೆ ‘ಬಾವುಟ’ವೆಂದೇ ಹೆಸರು; ಬಿಳಿ, ಕಪ್ಪು, ಹಸಿರು ಎಂಬ ಮೂರು ಅಡ್ಡಪಟ್ಟಿಗಳು ಅದರಲ್ಲಿದ್ದವು. ಅದೂ ತ್ರಿವರ್ಣವೇ. ಮೂರು ಬಣ್ಣವಿದ್ದ ಮಾತ್ರಕ್ಕೆ ರಾಷ್ಟ್ರಧ್ವಜವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ. ರಾಷ್ಟ್ರಧ್ವಜಕ್ಕೆ ವ್ಯಾಖ್ಯಾನ ಬೇಕು. ಭಾಷೆ, ಮತ, ಪ್ರಾಂತಗಳಿಂದ ಬೇರೆಯಾದ ಕೋಟ್ಯಂತರ ಜನ ‘ಇದು ನಮ್ಮದು’ ಎನ್ನಬೇಕಾದರೆ ಈ ಬಣ್ಣ ಏಕೆ, ಈ ಗುರುತು ಏಕೆ ಎಂಬುದಕ್ಕೆ ಉತ್ತರವಿರಬೇಕು. ಆ ಉತ್ತರ ಒಬ್ಬರಿಗೆ ಒಪ್ಪಿಗೆಯಾಗಿ ಇನ್ನೊಬ್ಬರಿಗೆ ಮುಳ್ಳಾದರೆ ಉತ್ತರವನ್ನೇ ತಿದ್ದಬೇಕಾಗುತ್ತದೆ. ನಮ್ಮ ಧ್ವಜದ ಇತಿಹಾಸವೆಲ್ಲ ಇಂಥ ತಿದ್ದುಗೆಯ ಇತಿಹಾಸವಾಗಿದೆ.

ಮೊದಲಿನ ಪ್ರಯತ್ನಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1906ರ ಆಗಸ್ಟ 7ರಂದು ಕಲಕತ್ತೆಯ ಪಾರ್ಸಿ ಬಾಗಾನದಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳ ಧ್ವಜವೇರಿತು. ಅದರಲ್ಲಿ ಎಂಟು ಕಮಲಗಳೂ ‘ವಂದೇ ಮಾತರಂ’ ಎಂಬ ಅಕ್ಷರಗಳೂ ಇದ್ದವು. ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟಿನ ಸಮಾಜವಾದಿಗಳ ಸಮ್ಮೇಳನದಲ್ಲಿ ಮೇಡಂ ಕಾಮಾ ಅವರು ಅದಕ್ಕೆ ಸಮೀಪವಾದ ಇನ್ನೊಂದನ್ನು ಎತ್ತಿ ತೋರಿದರು. 1917ರ ಹೋಂ ರೂಲ್ ಚಳುವಳಿಯ ಧ್ವಜದಲ್ಲಿ ಕೆಂಪು-ಹಸಿರು ಪಟ್ಟಿಗಳ ನಡುವೆ ಸಪ್ತರ್ಷಿ ಮಂಡಲವಿದ್ದರೂ ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜ್ಯಾಕ್ ಕುಳಿತಿತ್ತು. ಅಂದಿನ ಬೇಡಿಕೆ ಸಾಮ್ರಾಜ್ಯದೊಳಗಿನ ಸ್ವಯಂಶಾಸನವಷ್ಟೇ ಆಗಿತ್ತಾದ್ದರಿಂದ ಅದು ಅಂದಿಗೆ ಪ್ರಾಮಾಣಿಕವಾದ ಚಿತ್ರವೇ ಸರಿ. ಬೇಡಿಕೆ ಬೆಳೆದ ಮೇಲೆ ಆ ಚಿತ್ರ ಉಳಿಯಲಿಲ್ಲ.

ನಿಜವಾದ ಕಥೆ ಆರಂಭವಾಗುವುದು 1921ರಲ್ಲಿ. ಬೆಜವಾಡದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆಯ ಸಂದರ್ಭದಲ್ಲಿ ಮಚಲೀಪಟ್ಟಣದ ಪಿಂಗಳಿ ವೆಂಕಯ್ಯನವರು ಕೆಂಪು-ಹಸಿರಿನ ಒಂದು ಮಾದರಿಯನ್ನು ಗಾಂಧೀಜಿಯವರಿಗೆ ಕೊಟ್ಟರು. ಚರಕವಿರಬೇಕೆಂಬ ಸೂಚನೆ ಜಾಲಂಧರದ ಲಾಲಾ ಹಂಸರಾಜರದು. ಕೆಂಪು ಹಿಂದುಗಳಿಗೆ, ಹಸಿರು ಮುಸಲ್ಮಾನರಿಗೆ ಎಂದಾದರೆ ಉಳಿದವರ ಗತಿಯೇನು ಎಂದು ಯೋಚಿಸಿದ ಗಾಂಧೀಜಿ ಬಿಳಿಯನ್ನು ಸೇರಿಸಿದರು. ಹೀಗೆ ಸಿದ್ಧವಾದ ಧ್ವಜದಲ್ಲಿ ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ. ಸಂಖ್ಯೆಯಲ್ಲಿ ಕಿರಿದಾದವರಿಗೆ ಮೇಲಿನ ಸ್ಥಾನ, ಹಿರಿದಾದವರು ಎಲ್ಲರನ್ನೂ ಹೊತ್ತು ಕೆಳಗೆ. ಮೂರೂ ಪಟ್ಟಿಗಳ ಮೇಲೆ ಹಾಯ್ದು ನಿಂತ ದೊಡ್ಡ ಚರಕ. ಈ ಕ್ರಮದಲ್ಲಿ ಒಂದು ಸೌಜನ್ಯವಿದ್ದುದನ್ನು ಒಪ್ಪಲೇಬೇಕು. ಆದರೆ ಆ ಸೌಜನ್ಯದ ಬೇರಿನಲ್ಲಿ ಒಂದು ದೋಷವೂ ಇತ್ತು: ಬಣ್ಣವನ್ನು ಜನಾಂಗಕ್ಕೆ ಕೊಟ್ಟ ಮೇಲೆ ಪ್ರತಿಯೊಂದು ಜನಾಂಗವೂ ತನ್ನ ಬಣ್ಣವನ್ನು ಕೇಳದೆ ಬಿಡುವುದಿಲ್ಲ. ಹಾಗೆಯೇ ಆಯಿತು. ಕೆಲವೇ ವರ್ಷಗಳಲ್ಲಿ ಸಿಖ್ಖರು ತಮ್ಮ ಬಣ್ಣವೂ ಸೇರಲಿ, ಇಲ್ಲವೆ ಈ ಅರ್ಥವನ್ನೇ ಕೈಬಿಡಿರಿ ಎಂದರು. ಅವರ ವಾದ ಯುಕ್ತವಾಗಿತ್ತು.

ಈ ಧ್ವಜವನ್ನು ಕಾಂಗ್ರೆಸ್ಸು ವಿಧಿವತ್ತಾಗಿ ಸ್ವೀಕರಿಸುವುದಕ್ಕಿಂತ ಮೊದಲೇ ಜನರು ಸ್ವೀಕರಿಸಿದ್ದರು. 1923ರ ಮೇ ತಿಂಗಳಿನಿಂದ ಆಗಸ್ಟದವರೆಗೆ ನಾಗಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹಕ್ಕೆ ದೇಶದ ನಾನಾ ಕಡೆಯಿಂದ ತಂಡಗಳು ಹೋದವು. ಅಲ್ಲಿಗೆ ಹೋಗಿ ಸೆರೆಯನ್ನನುಭವಿಸಿದವರಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರೂ, ಅವರ ಮುಖಂಡರಾದ ಡಾ. ನಾ. ಸು. ಹರ್ಡೀಕರರೂ ಇದ್ದರು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ವೈದ್ಯಶಿಕ್ಷಣ ಪಡೆದು, ಅಮೇರಿಕೆಯಲ್ಲಿ ಲಾಲಾ ಲಜಪತರಾಯರೊಡನೆ ದುಡಿದು ಬಂದ ಹರ್ಡೀಕರರು ಅದೇ ವರ್ಷದ ಕೊನೆಗೆ ಕಾಕಿನಾಡದ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದರು. ಅದರ ಕೇಂದ್ರ ಹುಬ್ಬಳ್ಳಿಯಾಯಿತು. ಪ್ರತಿ ತಿಂಗಳ ಕೊನೆಯ ರವಿವಾರ ಮುಂಜಾನೆ ಧ್ವಜವಂದನೆ ಮಾಡುವ ಪರಿಪಾಠವನ್ನು ದೇಶಕ್ಕೆ ಕಲಿಸಿದ್ದು ಈ ಸೇವಾದಳವೇ. ಧ್ವಜವನ್ನು ಯಾವಾಗ ಏರಿಸಬೇಕು, ಹೇಗೆ ಮಡಿಚಬೇಕು, ಅದರ ಮುಂದೆ ಹೇಗೆ ನಿಲ್ಲಬೇಕು ಎಂಬ ಶಿಸ್ತನ್ನು ಅದು ರೂಢಿಗೆ ತಂದಿತು. ಮೆರವಣಿಗೆಯ ಉತ್ಸಾಹದಲ್ಲಿ ಹಿಡಿದು ಸಂಜೆಗೆ ಮೂಲೆಗಿಡುತ್ತಿದ್ದ ಬಟ್ಟೆಗೆ ವಿಧಿ, ನಿಯಮ, ಕಾಲಗಳು ಬಂದವು. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಅಧಿವೇಶನದಲ್ಲಿ ಸೇವಾದಳದ ಈ ಶಿಸ್ತನ್ನು ನಮ್ಮ ಭಾಗದ ಜನರು ಕಣ್ಣಾರೆ ಕಂಡರು. ಧ್ವಜದ ಇತಿಹಾಸವನ್ನು ಬರೆಯುವವರು ಚಿತ್ರವನ್ನು ಬಿಡಿಸಿದವರನ್ನು ನೆನೆಯುವಷ್ಟು ಹರ್ಡೀಕರರನ್ನು ನೆನೆಯುವುದಿಲ್ಲ. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

1931ರ ಏಪ್ರಿಲದಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ಧ್ವಜದ ಪ್ರಶ್ನೆಯನ್ನು ಇತ್ಯರ್ಥಗೊಳಿಸಲು ಏಳು ಜನರ ಸಮಿತಿಯೊಂದನ್ನು ನೇಮಿಸಿತು. ವಲ್ಲಭಭಾಯಿ ಪಟೇಲ, ಮೌಲಾನಾ ಆಜಾದ, ಮಾಸ್ತರ ತಾರಾಸಿಂಗ, ಜವಾಹರಲಾಲ ನೆಹರು, ಕಾಕಾ ಕಾಲೇಲಕರ, ಪಟ್ಟಾಭಿ ಸೀತಾರಾಮಯ್ಯ ಇವರೊಡನೆ ನಮ್ಮ ಹರ್ಡೀಕರರೂ ಅದರ ಸದಸ್ಯರಾಗಿದ್ದರು. ಸಮಿತಿಯು ಪ್ರಾಂತಿಕ ಸಮಿತಿಗಳ ಅಭಿಪ್ರಾಯಗಳನ್ನು ತರಿಸಿ ನೋಡಿ ಕೊಟ್ಟ ಸಲಹೆ ಆಶ್ಚರ್ಯಕರವಾಗಿದೆ: ಧ್ವಜವು ಪೂರ್ತಿ ಕೇಸರಿಯ ಒಂದೇ ಬಣ್ಣದ್ದಾಗಿರಲಿ, ಮೇಲಿನ ಮೂಲೆಯಲ್ಲಿ ಚರಕವಿರಲಿ. ಮೂರು ಬಣ್ಣಗಳಿದ್ದರೆ ತಾನೆ ಯಾವುದು ಯಾರದೆಂಬ ಜಗಳ ಎಂಬುದು ಆ ಸಲಹೆಯ ತರ್ಕ. ತರ್ಕ ಸರಿಯಾಗಿದ್ದರೂ ಅಷ್ಟರೊಳಗೆ ಜನರು ತ್ರಿವರ್ಣವನ್ನು ಹಿಡಿದು ಪೆಟ್ಟು ತಿಂದಿದ್ದರು, ಸೆರೆಮನೆ ಕಂಡಿದ್ದರು. ಅಖಿಲ ಭಾರತ ಸಮಿತಿಯು ಆಗಸ್ಟದಲ್ಲಿ ಮುಂಬಯಿಯಲ್ಲಿ ಕೂಡಿ ಮೂರು ಬಣ್ಣಗಳನ್ನು ಉಳಿಸಿತು. ಕೆಂಪನ್ನು ಕೇಸರಿಯಾಗಿಸಿ ಮೇಲಕ್ಕೆ ತಂದಿತು, ಬಿಳಿಯನ್ನು ನಡುವಿಗಿಟ್ಟು ಅದರ ಮೇಲೆ ನೀಲಿಯ ಚರಕವನ್ನು ಬರೆಯಿಸಿತು. ಅದಕ್ಕಿಂತ ಮುಖ್ಯವಾದುದು, ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲವೆಂದು ಠರಾವಿನಲ್ಲಿಯೇ ಸಾರಿತು. ಕೇಸರಿ ಧೈರ್ಯ-ತ್ಯಾಗಗಳಿಗೆ, ಬಿಳಿ ಶಾಂತಿ-ಸತ್ಯಗಳಿಗೆ, ಹಸಿರು ಶ್ರದ್ಧೆ-ಶೌರ್ಯಗಳಿಗೆ, ಚರಕ ಬಡಜನರ ಆಸೆಗೆ.

ಒಂದೇ ಬಟ್ಟೆ, ಹೆಚ್ಚುಕಡಿಮೆ ಅವೇ ಬಣ್ಣಗಳು. ಆದರೆ ಹತ್ತು ವರ್ಷಗಳಲ್ಲಿ ಅರ್ಥ ಸಂಪೂರ್ಣ ಬೇರೆಯಾಯಿತು. ಜನಾಂಗಗಳ ಗುರುತಾಗಿದ್ದುದು ಗುಣಗಳ ಗುರುತಾಯಿತು. ವ್ಯಾಖ್ಯಾನದ ಬಲವೇನೆಂಬುದು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ವಚನಗಳನ್ನು ಶೂನ್ಯಸಂಪಾದನಕಾರರು ಹೊಸ ಸಂದರ್ಭದಲ್ಲಿ ಜೋಡಿಸಿದಾಗ ಅವೇ ವಚನಗಳು ಬೇರೊಂದು ಮಾತನ್ನಾಡಿದುದನ್ನು ಅವರು ಬಲ್ಲರು. ಮೂಲದ ಅಕ್ಷರವನ್ನು ಕೆಡಿಸದೆ ಅರ್ಥವನ್ನು ಹಿಗ್ಗಿಸುವ ಈ ಕೆಲಸ ಸುಲಭವಾದುದಲ್ಲ. 1931ರ ಠರಾವು ಅದನ್ನು ಸಾಧಿಸಿತು.

ಬ್ರಿಟಿಷ್ ಕರ್ನಾಟಕದಲ್ಲಿ ಎದುರಾಳಿ ಧ್ವಜ ಪರಕೀಯರದು. ಅಲ್ಲಿ ಆಯ್ಕೆ ಸರಳವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಹಾಗಿರಲಿಲ್ಲ. ಅಲ್ಲಿ ಜನರು ಗೌರವಿಸುತ್ತಿದ್ದ ಮಹಾರಾಜರ ಗಂಡಭೇರುಂಡವಿತ್ತು. ಸಂಸ್ಥಾನದೊಳಗೆ ಕಾಂಗ್ರೆಸ್ ಧ್ವಜವನ್ನು ಏರಿಸುವುದು ಅರಸನಿಗೆ ಅಗೌರವವೆಂದು ಸರಕಾರ ನಿರ್ಬಂಧ ಹಾಕಿತು. 1938ರ ಏಪ್ರಿಲದಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನವು ಆ ನಿರ್ಬಂಧವನ್ನು ಮೀರಿತು, ನಾಯಕರನ್ನು ಬಂಧಿಸಲಾಯಿತು. ಎರಡು ವಾರಗಳಾಗುವಷ್ಟರಲ್ಲಿ, ಏಪ್ರಿಲ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಗೆಂದು ನೆರೆದ ಜನರ ನಡುವೆ ಧ್ವಜವನ್ನೇರಿಸುವ ಪ್ರಯತ್ನ ನಡೆದಾಗ ಪೋಲೀಸರು ಗುಂಡು ಹಾರಿಸಿದರು. ಸತ್ತವರು 10 ಜನರೆಂದು ಸರಕಾರ ಹೇಳಿತು. 30ಕ್ಕಿಂತ ಹೆಚ್ಚೆಂದು ಜನರ ಎಣಿಕೆ. ಆ ಮೇಲೆ ಪಟೇಲರೂ ಕೃಪಲಾನಿಯವರೂ ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದ ಮಾಡಿಕೊಂಡರು. ವಿಧ್ಯುಕ್ತ ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜವೂ ಕಾಂಗ್ರೆಸ್ ಧ್ವಜವೂ ಜೊತೆಯಾಗಿ ಏರಬೇಕು, ಪಕ್ಷದ ಸಭೆಗಳಲ್ಲಿ ಕಾಂಗ್ರೆಸ್ ಧ್ವಜವೊಂದೇ ಇರಬಹುದು ಎಂಬುದು ಅದರಲ್ಲಿಯ ಮುಖ್ಯ ಅಂಶ. ಅರಸನ ಧ್ವಜ, ಪ್ರಜೆಯ ಧ್ವಜ ಎರಡೂ ಅಕ್ಕಪಕ್ಕ ಹಾರಿದ ಈ ಹಲವು ವರ್ಷಗಳು ನಮ್ಮ ನಾಡಿನ ರಾಜಕೀಯ ಪರಿವರ್ತನೆಯ ಸಂಧಿಕಾಲವನ್ನು ಯಾವ ದಾಖಲೆಗಿಂತಲೂ ಚೆನ್ನಾಗಿ ತೋರಿಸುತ್ತವೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ವೀರಭದ್ರ ದೇವಾಲಯದ ಮೇಲೆ ಧ್ವಜವನ್ನೇರಿಸಿ ಊರು ಸ್ವತಂತ್ರವೆಂದು ಸಾರಿದರು. ಅದರ ಬೆನ್ನಿಗೆ ನಡೆದ ಘಟನೆಗಳಿಗಾಗಿ 1943ರ ಮಾರ್ಚದಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಗುಡಿಯ ಮೇಲೆ ಗುಡಿ; ಹಳಗನ್ನಡದ ಎರಡು ಅರ್ಥಗಳೂ ಅಲ್ಲಿ ಕೂಡಿದ್ದವು.

ಇನ್ನು 1947ರ ಜುಲೈ 22. ಸಂವಿಧಾನ ಸಭೆಯಲ್ಲಿ ನೆಹರು ಅವರು ಧ್ವಜದ ಠರಾವನ್ನು ಮಂಡಿಸಿದ ದಿನ. ಕಡು ಕೇಸರಿ, ಬಿಳಿ, ಕಡು ಹಸಿರುಗಳ ಸಮಾನ ಪಟ್ಟಿಗಳು. ಬಿಳಿಯ ನಡುವೆ ಕಡುನೀಲಿಯ ಚಕ್ರ. ಅಗಲ-ಉದ್ದಗಳ ಪ್ರಮಾಣ ಸಾಮಾನ್ಯವಾಗಿ 2ಕ್ಕೆ 3. ಠರಾವು ಬಣ್ಣಗಳಿಗೆ ಯಾವ ಅರ್ಥವನ್ನೂ ಹೇಳಲಿಲ್ಲ. ಚರಕದ ಚಿತ್ರವಿದ್ದರೆ ಹಿಂಬದಿಯಿಂದ ನೋಡುವವರಿಗೆ ಅದು ತಿರುವುಮುರುವಾಗಿ ಕಾಣುತ್ತದೆ, ಧ್ವಜದ ಗುರುತು ಎರಡೂ ಕಡೆಯಿಂದ ಒಂದೇ ತೆರನಾಗಿರಬೇಕು ಎಂಬುದು ನೆಹರು ಕೊಟ್ಟ ಕಾರಣ. ಚರಕದ ಕದಿರು, ದಾರ, ಹಿಡಿಕೆಗಳು ಹೋಗಿ ಗಾಲಿಯಷ್ಟೇ ಉಳಿಯಿತು. ಆ ಗಾಲಿಯ ಆಕಾರ ಸಾರನಾಥದ ಅಶೋಕಸ್ತಂಭದ ಚಕ್ರದ್ದಾಯಿತು. ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂದು ಮಂಡಿಸಿದ ಠರಾವಿನ ಮಾತಿನಲ್ಲಿ ಈ ಚಕ್ರವು ಚರಕವನ್ನು ಪ್ರತಿನಿಧಿಸುತ್ತದೆ ಎಂದೇ ಇದೆ. ಆಕಾರ ಮಾತ್ರ ಅಶೋಕನದು. ಗಾಂಧೀಜಿಯವರಿಗೆ ಈ ಬದಲಾವಣೆ ಮೊದಲು ಹಿಡಿಸಲಿಲ್ಲ. ಚರಕವಿಲ್ಲದ ಧ್ವಜಕ್ಕೆ ತಾವು ವಂದಿಸುವುದಿಲ್ಲವೆಂದು ಅವರು ಬರೆದುದುಂಟು. ಅದೇ ಸಭೆಯಲ್ಲಿ ಡಾ. ರಾಧಾಕೃಷ್ಣನ್ ಅವರು ಮಾಡಿದ ವ್ಯಾಖ್ಯಾನವೇ ಇಂದು ಶಾಲೆಯ ಮಕ್ಕಳ ಬಾಯಲ್ಲಿರುವುದು: ಕೇಸರಿ ನಾಯಕರ ವೈರಾಗ್ಯಕ್ಕೆ, ಬಿಳಿ ಸತ್ಯದ ಬೆಳಕಿಗೆ, ಹಸಿರು ನೆಲದೊಡನೆ ನಮಗಿರುವ ಸಂಬಂಧಕ್ಕೆ, ಚಕ್ರ ಧರ್ಮಕ್ಕೂ ನಿಲ್ಲದ ಚಲನೆಗೂ. ಈ ವ್ಯಾಖ್ಯಾನ ಗಂಭೀರವಾದುದು, ಸುಂದರವಾದುದು. ಆದರೆ ಇದರಲ್ಲಿ ನೂಲುವವಳ ಮಾತು ಬರುವುದಿಲ್ಲ.

ಅಶೋಕನ ಚಕ್ರ ಉತ್ತರದ್ದೆಂದು ನಮ್ಮವರು ದೂರದಿಂದ ನೋಡಬೇಕಾಗಿಲ್ಲ. ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿದ್ದ ಅರಸನ ಸ್ವಂತ ಹೆಸರು ಅಶೋಕನೆಂಬುದು ಶಾಸನದ ಆಧಾರದಿಂದ ಮೊಟ್ಟಮೊದಲು ಸಿದ್ಧವಾದುದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಯಿಂದ. ಮಸ್ಕಿ ಇರುವುದು ಕೃಷ್ಣೆಯ ಆಚೆ, ರಾಯಚೂರ ಜಿಲ್ಲೆಯಲ್ಲಿ. ಸನ್ನತಿಯ ಬಳಿಯ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯೋ ಅಶೋಕೋ’ ಎಂಬ ಬರಹವುಳ್ಳ ಶಿಲ್ಪವೂ ದೊರೆತಿದೆ.

ಠರಾವಾದ ಮೂರು ವಾರಗಳ ಮೇಲೆ ಆಗಸ್ಟ 15 ಬಂದಿತು. ನಮ್ಮ ಸೀಮೆಯಲ್ಲಿ ಆ ದಿನಕ್ಕೆ ಒಂದು ವಿಶಿಷ್ಟವಾದ ಚಿತ್ರವಿದೆ. ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ಮೂಡಣ ಅಂಚಿಗೆ ಮುಂಬಯಿ ಪ್ರಾಂತ ಮುಗಿದು ನಿಜಾಮರ ರಾಜ್ಯ ಆರಂಭವಾಗುತ್ತಿತ್ತು. ಈಚೆಯ ಊರುಗಳಲ್ಲಿ ತ್ರಿವರ್ಣವೇರಿದ ಮುಂಜಾನೆ ಆಚೆಯ ಜೇವರ್ಗಿ, ಸುರಪುರ, ಲಿಂಗಸುಗೂರುಗಳಲ್ಲಿ ಅದನ್ನೇರಿಸುವುದು ಅಪರಾಧ. ಅಲ್ಲಿ ಹಾರುತ್ತಿದ್ದುದು ಹಳದಿಯ ಮೇಲೆ ದುಂಡು ಗುರುತಿದ್ದ ಅಸಫಜಾಹಿ ಧ್ವಜ. ಆ ದುಂಡು ಗುರುತು ಫಕೀರನೊಬ್ಬನು ಮೊದಲ ನಿಜಾಮನಿಗೆ ಹರಸಿ ಕೊಟ್ಟ ಕುಲ್ಚಾ ರೊಟ್ಟಿಯೆಂದು ಐತಿಹ್ಯ. ಅರಸುಮನೆತನದ ಕಥೆಯೊಂದೇ ರಾಜ್ಯದ ಧ್ವಜಕ್ಕೆ ಅರ್ಥವಾಗುತ್ತಿದ್ದ ಹಳೆಯ ರೀತಿಗೆ ಅದು ಕೊನೆಯ ನಿದರ್ಶನಗಳಲ್ಲೊಂದು. ಆ ದಿನ ಹೈದರಾಬಾದಿನಲ್ಲಿ ತ್ರಿವರ್ಣವನ್ನೇರಿಸಿ ಬಂಧನಕ್ಕೊಳಗಾದವರು ಸ್ವಾಮಿ ರಾಮಾನಂದ ತೀರ್ಥರು. ಹೈದರಾಬಾದ್ ಸಂಸ್ಥಾನ ಕಾಂಗ್ರೆಸ್ಸನ್ನು ಮುನ್ನಡೆಸಿದ ಈ ಸನ್ಯಾಸಿ ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ, 1903ರಲ್ಲಿ. 1948ರ ಸಪ್ಟೆಂಬರ 17ರಂದು ನಿಜಾಮರು ಶರಣಾದ ಮೇಲೆಯೇ ಗಡಿಯಾಚೆಯ ಕನ್ನಡಿಗರಿಗೆ ಆ ಧ್ವಜ ನಿರಾತಂಕವಾಯಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆಗಸ್ಟ 15ರಂತೆ ಸಪ್ಟೆಂಬರ 17ರಂದೂ ರಾಷ್ಟ್ರಧ್ವಜವನ್ನೇರಿಸುವ ಪದ್ಧತಿ ಈ ಹದಿಮೂರು ತಿಂಗಳ ಅಂತರದ ನೆನಪಾಗಿದೆ. ಒಂದೇ ಧ್ವಜ, ಹಳ್ಳದ ಈಚೆಗೆ ಅದರ ಅರ್ಥ ಬ್ರಿಟಿಷರಿಂದ ಬಿಡುಗಡೆ, ಆಚೆಗೆ ನಿಜಾಮರಿಂದ ಬಿಡುಗಡೆ.

ಚಿತ್ರದಿಂದ ಹೋದ ಚರಕಕ್ಕೆ ಬಳಿಕ ಏನಾಯಿತು? ಅದು ಬಟ್ಟೆಯೊಳಗೆ ಉಳಿಯಿತು. ಜುಲೈ 22ರಂದು ನೆಹರು ಅವರು ಸಭೆಗೆ ಒಪ್ಪಿಸಿದ ಎರಡು ಧ್ವಜಗಳಲ್ಲಿ ಒಂದು ರೇಷ್ಮೆಯ ಖಾದಿಯದು, ಇನ್ನೊಂದು ಹತ್ತಿಯ ಖಾದಿಯದು. ಸ್ವತಂತ್ರ ಭಾರತದ ಮಾನಕ ಸಂಸ್ಥೆಯು ದೇಶದ ಸಮಸ್ತ ವಸ್ತುಗಳಿಗೆ ಮಾನಕಗಳನ್ನು ಗೊತ್ತುಪಡಿಸತೊಡಗಿದಾಗ ಮೊದಲನೆಯ ಅಂಕಿಯನ್ನು ಕೊಟ್ಟಿದ್ದು ರಾಷ್ಟ್ರಧ್ವಜಕ್ಕೆ. 1951ರ ಆ ಮಾನಕಕ್ಕೆ ಇಂದಿಗೂ ‘ಐ.ಎಸ್. 1’ ಎಂದೇ ಹೆಸರು. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯೇ ಆಗಬೇಕೆಂಬುದು ನಿಯಮವಾಯಿತು. ಕಣ್ಣಿಗೆ ಕಾಣುತ್ತಿದ್ದ ಚರಕ ಕಾಣದಂತಾದರೂ ಪ್ರತಿಯೊಂದು ಎಳೆಯೂ ಚರಕದಿಂದಲೇ ಬರಬೇಕಾಗಿತ್ತು. ಸಭೆಯ ವ್ಯಾಖ್ಯಾನದಲ್ಲಿ ಬಾರದ ನೂಲುವವಳು ನಿಯಮದಲ್ಲಿ ಬಂದಳು.

ಈ ನಿಯಮದ ಭಾರವನ್ನು ದಶಕಗಳ ಕಾಲ ಹೊತ್ತವರು ನಮ್ಮ ನೆರೆಯವರೇ. ಗೊಳಸಂಗಿಯಿಂದ ತೆಂಕಣಕ್ಕೆ ಹೋಗುವ ಹೆದ್ದಾರಿ ನಿಡಗುಂದಿಯನ್ನು ದಾಟಿ ಕೃಷ್ಣೆಯನ್ನು ಹಾಯುತ್ತದೆ. ಆಚೆ ದಂಡೆಯ ಬಾಗಲಕೋಟೆ ಸೀಮೆ 1997ರವರೆಗೆ ನಮ್ಮ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ತುಳಸಿಗೇರಿ ಭಕ್ತರಿಗೆ ಹನುಮಂತದೇವರ ಕ್ಷೇತ್ರವೆಂದು ಪರಿಚಿತ; ರಾಷ್ಟ್ರಧ್ವಜದ ಬಟ್ಟೆ ಸಿದ್ಧವಾಗುವ ಊರೆಂಬುದನ್ನು ಬಲ್ಲವರು ಕಡಿಮೆ. ಮಡಿವಾಳೇಶ್ವರರ ಗದ್ದುಗೆಯಿಂದ ಪ್ರಸಿದ್ಧವಾದ ಧಾರವಾಡ ತಾಲ್ಲೂಕಿನ ಗರಗದಲ್ಲಿಯೂ ಅಂಥದೇ ಖಾದಿ ಕೇಂದ್ರವಿದೆ. ಇವೆರಡು ಕಡೆಯಿಂದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಕರ್ನಾಟಕ ಏಕೀಕರಣವಾಗಿ ವರ್ಷ ತುಂಬಿದ ದಿನ, 1957ರ ನವೆಂಬರ 1ರಂದು, ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜಘಟಕ ಇರುವುದು ಅಲ್ಲಿ. ಈ ಶತಮಾನದ ಮೊದಲ ದಶಕದಲ್ಲಿ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಅದು ಪ್ರಸಿದ್ಧಿಗೆ ಬಂದಿತು.

ಕೆಲಸದ ಕ್ರಮವನ್ನು ತಿಳಿದರೆ ಅದರ ಬಿಗಿ ಗೊತ್ತಾಗುತ್ತದೆ. ಹಂಜಿ, ನೂಲುವಿಕೆ, ನೇಯ್ಗೆ. ಆಮೇಲೆ ಬಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಕೇಸರಿಗೆ, ಒಂದನ್ನು ಹಸಿರಿಗೆ ಅದ್ದುವುದು, ಒಂದನ್ನು ಬಿಳಿಚಿಸುವುದು. ಬಿಳಿಯ ಪಟ್ಟಿಯ ಮೇಲೆ 24 ಕಡ್ಡಿಗಳ ಚಕ್ರವನ್ನು ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಕೂಡುವಂತೆ ಅಚ್ಚೊತ್ತಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ಎರಡು ಚಕ್ರ ಕಾಣುತ್ತದೆ. ಅಳತೆಗಳು ಒಂಬತ್ತು. ಎಲ್ಲಕ್ಕೂ ದೊಡ್ಡದು 6300 ಮಿಲಿಮೀಟರ ಉದ್ದ, 4200 ಅಗಲ. ಅದರ ಚಕ್ರದ ವ್ಯಾಸ 1295. ಎಲ್ಲಕ್ಕೂ ಚಿಕ್ಕದು ಮೇಜಿನ ಮೇಲಿಡುವ 150ಕ್ಕೆ 100. ಹಗ್ಗ ಹಾಯುವ ಅಂಚಿಗೆ ಬೇರೆ ಜಾತಿಯ ದಪ್ಪ ಖಾದಿ. ಎಳೆಗಳ ಎಣಿಕೆ, ಬಣ್ಣದ ಗಾಢತೆ, ಹೊಲಿಗೆಯ ಅಂತರ ಇವುಗಳಲ್ಲಿ ಒಂದು ತಪ್ಪಿದರೂ ಧ್ವಜ ತಿರಸ್ಕೃತ. ನೂಲುವವರಲ್ಲಿಯೂ ಹೊಲಿಯುವವರಲ್ಲಿಯೂ ಬಹುಪಾಲು ಹೆಣ್ಣುಮಕ್ಕಳು. ಕಾಯಕವೆಂಬ ಶಬ್ದವನ್ನು ಸಭೆಗಳಲ್ಲಿ ಉದಾರವಾಗಿ ಬಳಸುವ ನಾವು ಅದನ್ನು ನಿಜವಾಗಿ ಸಲ್ಲಿಸಬೇಕಾದುದು ಇಂಥವರಿಗೆ.

2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆಯು ಸಾಮಾನ್ಯ ಪ್ರಜೆಗೂ ವರ್ಷದ ಎಲ್ಲ ದಿನಗಳಲ್ಲಿ ಧ್ವಜವನ್ನೇರಿಸಲು ಅವಕಾಶ ಕೊಟ್ಟಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮೂಲಭೂತ ಹಕ್ಕಿನ ಅಂಗವೆಂದು ಎತ್ತಿ ಹಿಡಿಯಿತು. ಧ್ವಜ ಕಚೇರಿಯ ಮಾಳಿಗೆಯಿಂದ ಇಳಿದು ಮನೆಯ ಮಾಳಿಗೆಗೆ ಬಂದಿತು. ಅರ್ಥದ ದೃಷ್ಟಿಯಿಂದ ಇದೂ ದೊಡ್ಡ ಪರಿವರ್ತನೆಯೇ. ಆಗಲೂ ಬಟ್ಟೆ ಖಾದಿಯದೇ ಆಗಬೇಕಿತ್ತು. 2021ರ ಡಿಸೆಂಬರ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಬಟ್ಟೆಗೂ, ಪಾಲಿಯೆಸ್ಟರಿಗೂ ಒಪ್ಪಿಗೆ ದೊರೆಯಿತು. ಮುಂದಿನ ಆಗಸ್ಟದ ‘ಹರ್ ಘರ್ ತಿರಂಗಾ’ ಅಭಿಯಾನದಲ್ಲಿ ಮನೆಮನೆಗೆ ಧ್ವಜ ಹೋಯಿತು. ಅಷ್ಟು ಧ್ವಜಗಳನ್ನು ಕೈನೂಲಿನಿಂದ ಒದಗಿಸುವುದು ಅಶಕ್ಯವೆಂಬ ವಾದದಲ್ಲಿ ಹುರುಳಿದೆ; ಬಡವನ ಮನೆಗೆ ನಿಲುಕುವ ಬೆಲೆಯ ಧ್ವಜ ಬೇಡವೆನ್ನುವ ಧೈರ್ಯ ಯಾರಿಗೂ ಬಾರದು. ಬೆಂಗೇರಿಯ ಘಟಕದವರು ಪ್ರತಿಭಟಿಸಿದುದರಲ್ಲಿಯೂ ಅಷ್ಟೇ ಹುರುಳಿತ್ತು. ಅವರದು ಅನ್ನದ ಪ್ರಶ್ನೆ.

ಆದರೆ ಇತಿಹಾಸವನ್ನು ನೋಡುವವರಿಗೆ ಇಲ್ಲಿ ಬೇರೊಂದು ಸಂಗತಿ ಎದ್ದು ಕಾಣುತ್ತದೆ. 1921ರಲ್ಲಿ ಬಿಳಿ ಸೇರಿದಾಗ ಅದಕ್ಕೆ ಕಾರಣ ಹೇಳಲಾಯಿತು. 1931ರಲ್ಲಿ ಅರ್ಥ ಬದಲಾದಾಗ ಠರಾವಿನಲ್ಲಿ ಸಾರಲಾಯಿತು. 1947ರಲ್ಲಿ ಚರಕ ಚಕ್ರವಾದಾಗ ಸಭೆಯಲ್ಲಿ ದಿನವಿಡೀ ಮಾತಾಯಿತು. ಗಾಂಧೀಜಿಯವರ ಅಸಮ್ಮತಿಯೂ ದಾಖಲಾಯಿತು. 2021ರ ಬದಲಾವಣೆಗೆ ಅಂಥ ವ್ಯಾಖ್ಯಾನವೇನೂ ಹುಟ್ಟಲಿಲ್ಲ. ಚಿತ್ರದೊಳಗಿನ ಚರಕ ಹೋಗುವಾಗ ದೇಶ ಚರ್ಚಿಸಿತು, ನೂಲಿನೊಳಗಿನ ಚರಕ ಹೋಗುವಾಗ ಒಂದು ಆದೇಶ ಹೊರಟಿತು. ಯಂತ್ರದ ಬಟ್ಟೆಯೂ ಸ್ವದೇಶಿಯೇ, ಗಿರಣಿಯ ಕೆಲಸಗಾರನೂ ದುಡಿಯುವವನೇ ಎಂದು ಯಾರಾದರೂ ಹೊಸ ವ್ಯಾಖ್ಯಾನವನ್ನು ಮಾಡಬಹುದಿತ್ತು. ಅದನ್ನು ಒಪ್ಪುವುದೋ ಬಿಡುವುದೋ ಆಮೇಲಿನ ಮಾತು. ಖಾದಿಗೆ ನಿಷೇಧವೇನೂ ಇಲ್ಲ, ಅದರ ಮಾನಕವೂ ಉಳಿದಿದೆ. ತಿದ್ದಿದ ಸಂಹಿತೆಯು ಧ್ವಜಕ್ಕೆ ಸಲ್ಲುವ ಬಟ್ಟೆಗಳನ್ನು ಎಣಿಸುತ್ತದೆ: ಹತ್ತಿ, ಪಾಲಿಯೆಸ್ಟರ, ಉಣ್ಣೆ, ರೇಷ್ಮೆ, ಖಾದಿ. ಆ ಸಾಲಿನಲ್ಲಿ ಖಾದಿಯ ಹೆಸರು ಕೊನೆಯದು.